ಮೈನಸ್ ರೂಮಿನ ಬಾಗಿಲು ಕಚ್ಚಿಕೊಂಡರೆ ಕೆಲಸದವರನ್ನ ಬೈಯಬೇಡಿ, ಚೌಕಟ್ಟು ಮುಟ್ಟಿ ನೋಡಿ



ಮಳೆ ಹಿಡಿದುಕೊಂಡಿದೆ. ಈ ಕಾಲ ಬಂತು ಅಂದ್ರೆ ನನಗೆ ಒಂದೇ ತರದ ಫೋನು ಜಾಸ್ತಿ. "ಅಣ್ಣಾ, ಫ್ರೀಜರ್ ರೂಮಿನ ಬಾಗಿಲು ಕಚ್ಕೊಂಡುಬಿಟ್ಟಿದೆ. ಬೆಳಗ್ಗೆ ತೆಗೆಯೋಕೆ ಇಬ್ಬರು ಬೇಕು. ಹುಡುಗರು ಸರಿಯಾಗಿ ಹಾಕಲ್ಲ, ಅದಕ್ಕೇ ಹಿಂಗೆ." ಕೊನೆಯ ಆ ಮಾತಿಗೋಸ್ಕರ ಇವತ್ತು ಉದ್ದಕ್ಕೆ ಬರೀತಿದ್ದೀನಿ. ಬಾಗಿಲು ಹೆಪ್ಪುಗಟ್ಟೋದಕ್ಕೆ ಹುಡುಗರು ಕಾರಣ ಅಲ್ಲ. ಚೌಕಟ್ಟಿನ ಒಳಗೆ ಇರಬೇಕಾದ ಹೀಟರ್ ಕೇಬಲ್ ಇಲ್ಲ, ಅಥವಾ ಇದ್ದರೂ ಸತ್ತಿದೆ, ಅಥವಾ ಕರೆಂಟ್ ಉಳಿಸೋಕೆ ಯಾರೋ ಅದರ ಸ್ವಿಚ್ ಆಫ್ ಮಾಡಿದ್ದಾರೆ. ಹತ್ತರಲ್ಲಿ ಎಂಟು ಕಡೆ ನಾನು ಕಂಡಿದ್ದು ಇದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಸೊನ್ನೆಗಿಂತ ಕೆಳಗೆ ಓಡೋ ಯಾವ ರೂಮಿಗೂ ಬಾಗಿಲಿನ ಕೇಬಲ್ ಇಲ್ಲದೆ ನಮ್ಮ ರೈತರ ಕಂಪನಿಗಳು ಬಿಲ್ ಪಾಸ್ ಮಾಡಬಾರದು. ಸೊನ್ನೆಗಿಂತ ಮೇಲೆ ಓಡೋ ರೂಮಿಗೆ ಅದನ್ನ ಮಾರೋಕೆ ಬಂದವರಿಗೆ ಒಂದು ರೂಪಾಯಿನೂ ಕೊಡಬಾರದು. ಎರಡೂ ತಪ್ಪು ನಮ್ಮ ಸುತ್ತಮುತ್ತ ನಡೀತಾ ಇದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಮೊದಲು ನಿಮ್ಮ ರೂಮು ಯಾವುದು ಅಂತ ನೋಡಿಕೊಳ್ಳಿ. ಗುಲಾಬಿ ಇಡೋರು 2ರಿಂದ 4 ಡಿಗ್ರಿ ಇಟ್ಟುಕೊಳ್ತಾರೆ. ಬಿತ್ತನೆ ಆಲೂಗಡ್ಡೆಗೆ 2ರಿಂದ 4. ಹಸಿರು ಬಲಿತ ಟೊಮೆಟೊ 12 ಡಿಗ್ರಿಗಿಂತ ತುಂಬಾ ಕೆಳಗೆ ಹೋದ್ರೆ ಆಮೇಲೆ ಸರಿಯಾಗಿ ಹಣ್ಣಾಗಲ್ಲ. ಬಾಳೆ ಮಾಗಿಸೋ ಕೋಣೆ ಇನ್ನೂ ಬೆಚ್ಚಗೆ ಇರುತ್ತೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಸ್ಟೋರುಗಳು, ವಿಜಯಪುರದ ಕಡೆ ಒಣದ್ರಾಕ್ಷಿ ಸ್ಟೋರುಗಳು, ಅವೂ ಸೊನ್ನೆ ಮೇಲಿನವೇ. ಇವೆಲ್ಲ ಪ್ಲಸ್ ರೂಮು. ಪ್ಲಸ್ ರೂಮಿನ ಬಾಗಿಲು ಬೆವರುತ್ತೆ, ನೀರು ಇಳಿಯುತ್ತೆ, ಆದರೆ ಹೆಪ್ಪುಗಟ್ಟಲ್ಲ. ಅಲ್ಲಿ ಬೆವರು ಜಾಸ್ತಿ ಅಂದ್ರೆ ಗ್ಯಾಸ್ಕೆಟ್ ಹರಿದಿದೆ, ಇಲ್ಲಾ ಕೀಲು ಇಳಿದು ಬಾಗಿಲು ಓರೆ ಆಗಿದೆ ಅಂತ ಅರ್ಥ. ಅದನ್ನ ರಿಪೇರಿ ಮಾಡಿಸಿ, ಹೀಟರ್ ಹಾಕಿಸಿ ಮುಚ್ಚಿಡಬೇಡಿ. ಕರಾವಳಿಯಂಥ ವಿಪರೀತ ತೇವದ ಕಡೆ ಬೇರೆ ಮಾತು ಇರಬಹುದು, ನಮ್ಮ ಬಯಲುಸೀಮೆಗೆ ಬೇಕಿಲ್ಲ.

ಮೈನಸ್ ರೂಮು ಅಂದ್ರೆ 18 ಡಿಗ್ರಿ ಮೈನಸ್ ಅಥವಾ ಅದಕ್ಕಿಂತ ಕೆಳಗೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮೊದಲು ಇಂಥವು ರೈತರ ಕೈಲಿ ಇರಲಿಲ್ಲ. ಈಗ ಹಿತಕಬೇಳೆಯನ್ನ ಸೀಸನ್ನಿನಲ್ಲಿ ಫ್ರೀಜ್ ಮಾಡಿ ವರ್ಷಪೂರ್ತಿ ಮಾರೋ ಆಸೆ ಬಂದಿದೆ. ಮಾವಿನ ಹೋಳು, ಸ್ವೀಟ್ ಕಾರ್ನ್, ಹಸಿ ಬಟಾಣಿ, ಹಲಸಿನ ತೊಳೆ ಕೂಡ. ಒಳ್ಳೆ ಆಸೆನೇ. ಅವರೆ ಬರೋದು ಡಿಸೆಂಬರ್, ಜನವರಿ. ಆ ಚಳಿಯಲ್ಲಿ ರೂಮು ತುಂಬಿಸಿದಾಗ ಬಾಗಿಲು ತೊಂದರೆ ಕೊಡಲ್ಲ, ಹೊರಗಿನ ಗಾಳಿ ಒಣ. ಅದೇ ದಾಸ್ತಾನು ಜುಲೈ, ಆಗಸ್ಟಿಗೆ ಬಂದಾಗ ಹೊರಗಿನ ಗಾಳಿ ಒದ್ದೆ. ಆಗ ಬಾಗಿಲು ಕಚ್ಚುತ್ತೆ. ರೂಮು ಕಟ್ಟಿಕೊಟ್ಟೋನು ಜನವರಿಯಲ್ಲಿ ಟೆಸ್ಟ್ ಮಾಡಿ ತೋರಿಸಿ ದುಡ್ಡು ತಗೊಂಡು ಹೋಗಿರ್ತಾನೆ.

ಹೆಪ್ಪು ಎಲ್ಲಿಂದ ಬರುತ್ತೆ

ಮಳೆಗಾಲದ ಒಂದು ಸಾಧಾರಣ ದಿನ ತಗೊಳ್ಳಿ. ಹೊರಗೆ 25 ಡಿಗ್ರಿ, ತೇವಾಂಶ 80 ಪರ್ಸೆಂಟ್. ಆ ಗಾಳಿ ಒಂದು ಘನ ಮೀಟರಿನಲ್ಲಿ ಸುಮಾರು 18 ಗ್ರಾಂ ನೀರು ಆವಿಯಾಗಿ ಇರುತ್ತೆ. ಒಳಗೆ ಮೈನಸ್ 18ರಲ್ಲಿ ಗಾಳಿ ಹಿಡಿದುಕೊಳ್ಳೋದು ಸುಮಾರು 1 ಗ್ರಾಂ ಅಷ್ಟೇ. ಮಿಕ್ಕಿದ 17 ಗ್ರಾಂ ಎಲ್ಲಾದರೂ ಕೂರಲೇಬೇಕು. ಕೂಲರಿನ ಕಾಯಿಲ್ ಮೇಲೆ ಕೂರುತ್ತೆ, ಬಾಗಿಲ ಹತ್ತಿರದ ಸೀಲಿಂಗ್ ಮೇಲೆ ಕೂರುತ್ತೆ, ಎಲ್ಲಕ್ಕಿಂತ ಮೊದಲು ಚೌಕಟ್ಟಿಗೂ ರಬ್ಬರಿಗೂ ನಡುವೆ ಕೂರುತ್ತೆ.

ಇನ್ನೊಂದು ಲೆಕ್ಕ. ಅಂಥ ದಿನ 21 ಡಿಗ್ರಿಗಿಂತ ತಣ್ಣಗಿರೋ ಯಾವ ವಸ್ತುವಿನ ಮೇಲೂ ನೀರು ಹನಿ ಕಟ್ಟುತ್ತೆ. ಚೌಕಟ್ಟು ಲೋಹದ್ದು, ಒಳಗಿನ ಚಳಿಯನ್ನ ಹೊರಗೆ ಎಳೆದು ತರುತ್ತೆ. ಮೊದಲು ಬೆವರು, ಬೆವರು ಇಳಿದು ರಬ್ಬರ್ ಸಂದಿಗೆ, ಅಲ್ಲಿ ಸೊನ್ನೆಗಿಂತ ಕೆಳಗೆ, ಮಂಜುಗಡ್ಡೆ. ಬಾಗಿಲು ತೆಗೆದಾಗ ತಣ್ಣನೆ ಗಾಳಿ ಭಾರ, ಅದು ಕೆಳಗಿನಿಂದ ಹೊರಗೆ ಚೆಲ್ಲುತ್ತೆ. ಮೇಲಿಂದ ಬಿಸಿ ಒದ್ದೆ ಗಾಳಿ ಒಳಗೆ ನುಗ್ಗುತ್ತೆ. ಅದಕ್ಕೇ ಹಿಮ ಮೊದಲು ಬಾಗಿಲ ಮೇಲ್ಭಾಗದಲ್ಲಿ ಕಾಣುತ್ತೆ, ನೀರು ಹರಿದು ಹೊಸ್ತಿಲಲ್ಲಿ ಗಡ್ಡೆ ಆಗುತ್ತೆ. ನೀವು ಎಷ್ಟೇ ಬಿಗಿಯಾಗಿ ಹಾಕಿ, ಸಂದಿಯಲ್ಲಿ ಒಂದು ಸಲ ಗಡ್ಡೆ ಕೂತರೆ ರಬ್ಬರ್ ಸರಿಯಾಗಿ ಕೂರಲ್ಲ, ಕೂರದಿದ್ದರೆ ಇನ್ನಷ್ಟು ಗಾಳಿ, ಇನ್ನಷ್ಟು ಗಡ್ಡೆ.

ಇದರ ಜೊತೆ ಇನ್ನೊಂದು ಇದೆ, ಅದನ್ನ ಹೆಪ್ಪು ಅಂತ ತಪ್ಪು ತಿಳ್ಕೊಳ್ತಾರೆ. ಬಾಗಿಲು ತೆಗೆದು ಹಾಕಿದ ಕೂಡಲೇ ಮತ್ತೆ ಎಳೆದರೆ ಬರಲ್ಲ, ಎರಡು ನಿಮಿಷ ಬಿಟ್ಟರೆ ಬರುತ್ತೆ, ನೋಡಿದ್ದೀರಾ? ಅದು ಗಡ್ಡೆ ಅಲ್ಲ, ವ್ಯಾಕ್ಯೂಮ್. ಒಳಗೆ ಬಂದ ಬಿಸಿ ಗಾಳಿ ತಣ್ಣಗಾಗಿ ಕುಗ್ಗುತ್ತೆ, ಹೊರಗಿನ ಗಾಳಿ ಬಾಗಿಲನ್ನ ಒತ್ತುತ್ತೆ. ರೂಮು ಪೂರ್ತಿ ಸೀಲ್ ಆಗಿದ್ದರೆ ಒಳಗಿನ ಗಾಳಿ ಬರೀ 1 ಡಿಗ್ರಿ ಇಳಿದರೂ 2 ಚದರ ಮೀಟರ್ ಬಾಗಿಲ ಮೇಲೆ ಸುಮಾರು 70 ಕೆಜಿ ತೂಕದಷ್ಟು ಒತ್ತಡ ಬೀಳುತ್ತೆ. ಇದಕ್ಕೆ ಗೋಡೆಯಲ್ಲಿ ಪ್ರೆಶರ್ ರಿಲೀಫ್ ವಾಲ್ವ್ ಅಂತ ಒಂದು ಸಣ್ಣ ಕಿಂಡಿ ಇಡ್ತಾರೆ. ಆ ಕಿಂಡಿನೂ ಹೆಪ್ಪುಗಟ್ಟುತ್ತೆ, ಅದಕ್ಕೂ ಸಣ್ಣ ಹೀಟರ್ ಇರಬೇಕು. ಬಾಗಿಲು ಬರಲ್ಲ ಅಂದಾಗ ಮೊದಲು ಇದು ಯಾವ ತರದ್ದು ಅಂತ ನೋಡಿ. ರಬ್ಬರಿನ ಸುತ್ತ ಬೆಳ್ಳಗೆ ಗಡ್ಡೆ ಇದ್ದರೆ ಹೆಪ್ಪು. ರಬ್ಬರ್ ಒಣಗಿದ್ದು, ಕಾದರೆ ತಾನೇ ಬಿಟ್ಟುಕೊಂಡರೆ ವಾಲ್ವ್ ಕಟ್ಟಿದೆ.

ಈಗ ಜನ ಮಾಡ್ತಿರೋದು

ಒಬ್ಬರು ಕೆಟಲ್ ನೀರು ಕಾಯಿಸಿ ಸುರೀತಾರೆ. ಆ ಕ್ಷಣಕ್ಕೆ ಬಾಗಿಲು ಬರುತ್ತೆ. ಸುರಿದ ನೀರು ಸಂಜೆಗೆ ಹೊಸ್ತಿಲಲ್ಲಿ ಇನ್ನೂ ದಪ್ಪ ಗಡ್ಡೆ. ಇನ್ನೊಬ್ಬರು ಹಾರೆ ಹಾಕಿ ಮೀಟ್ತಾರೆ. ಪ್ಯಾನಲಿನ ತಗಡು ಬಾಗುತ್ತೆ, ರಬ್ಬರ್ ಹರಿಯುತ್ತೆ, ತಗಡು ತೂತಾದರೆ ಒಳಗಿನ ಫೋಮಿಗೆ ತೇವ ಇಳಿದು ಅಲ್ಲೂ ಹೆಪ್ಪುಗಟ್ಟುತ್ತೆ. ಉಪ್ಪು ಉದುರಿಸೋರು ಇದ್ದಾರೆ, ಉಪ್ಪು ನೀರು ಜಿಐ ತಗಡನ್ನೂ ಕೀಲನ್ನೂ ತಿನ್ನುತ್ತೆ. ಗ್ಯಾಸ್ ಬರ್ನರ್ ಹಿಡಿದೋರನ್ನೂ ಕಂಡಿದ್ದೀನಿ. ಪ್ಯಾನಲ್ ಒಳಗೆ ಇರೋದು ಪಫ್ ಫೋಮು, ಬೆಂಕಿ ಹತ್ತಿದರೆ ಬರೋ ಹೊಗೆ ವಿಷ. ದಯವಿಟ್ಟು ಆ ಕೆಲಸ ಬೇಡವೇ ಬೇಡ.

ಇಷ್ಟೆಲ್ಲ ಮಾಡಿ ಕೊನೆಗೆ "ಹುಡುಗರು ಸರಿ ಇಲ್ಲ" ಅಂತಾರೆ.

ಕೋಲ್ಡ್ ರೂಮಿಗೆ ಹೀಟರಾ?

ನಮ್ಮ ಮೀಟಿಂಗಿನಲ್ಲಿ ಈ ವಿಷಯ ತೆಗೆದಾಗ ಹಿರಿಯರೊಬ್ಬರು ನಕ್ಕರು. "ಒಂದು ಕಡೆ ದುಡ್ಡು ಕೊಟ್ಟು ತಣ್ಣಗೆ ಮಾಡೋದು, ಇನ್ನೊಂದು ಕಡೆ ಒಲೆ ಹಚ್ಚೋದು. ಇದ್ಯಾವ ಲೆಕ್ಕ ಕಣಪ್ಪಾ?" ಕೇಳೋಕೆ ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇರಬಹುದು. ಎರಡು ಬಾಗಿಲಿನ ಫ್ರಿಜ್ ಇದ್ದರೆ, ಫ್ರೀಜರ್ ಬಾಗಿಲಿಗೂ ಕೆಳಗಿನ ಬಾಗಿಲಿಗೂ ನಡುವಿನ ಪಟ್ಟಿ ಮುಟ್ಟಿ ನೋಡಿ. ಬಹಳಷ್ಟು ಫ್ರಿಜ್ಜುಗಳಲ್ಲಿ ಅದು ಬೆಚ್ಚಗಿರುತ್ತೆ. ಕಂಪನಿಯವರು ಬೇಕಂತಲೇ ಅಲ್ಲಿ ಬಿಸಿ ಕೊಟ್ಟಿರ್ತಾರೆ, ಬೆವರಿ ಅಂಟಿಕೊಳ್ಳದಿರಲಿ ಅಂತ. ಮನೆಯ ಫ್ರಿಜ್ಜಿಗೆ ಇರೋದು ಲಕ್ಷಾಂತರ ಖರ್ಚಿನ ರೂಮಿಗೆ ಯಾಕೆ ಬೇಡ?

ಈಗ ಕೇಬಲ್ ವಿಷಯ. ಎರಡು ತರ ಇದೆ.

ಒಂದು ಹಳೆಯ ತರದ್ದು, ಸಿಲಿಕಾನ್ ರಬ್ಬರ್ ಹೊದ್ದ ಹೀಟರ್ ವೈರು. ಒಳಗೆ ಒಂದೇ ತಂತಿ, ಒಲೆಯ ಕಾಯಿಲ್ ಇದ್ದಂಗೆ. ಇಷ್ಟು ಉದ್ದಕ್ಕೆ ಇಷ್ಟು ವ್ಯಾಟ್ ಅಂತ ನಿಗದಿ. ಕತ್ತರಿಸಿ ಗಿಡ್ಡ ಮಾಡಿದರೆ ಜಾಸ್ತಿ ಕರೆಂಟ್ ಎಳೆದು ಸುಡುತ್ತೆ. ಒಂದರ ಮೇಲೊಂದು ಬಿದ್ದರೆ ಆ ಜಾಗ ಸುಡುತ್ತೆ. ಎಲ್ಲಾದರೂ ಒಂದು ಕಡೆ ತುಂಡಾದರೆ ಇಡೀ ವೈರು ಸತ್ತ ಹಾಗೆ. ಸರಿಯಾದ ಅಳತೆಯದ್ದು ಕಾರ್ಖಾನೆಯಲ್ಲೇ ಕೂರಿಸಿದ್ದರೆ ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ. ರಿಪೇರಿಗೆ ಮಾತ್ರ ತಲೆನೋವು.

ಇನ್ನೊಂದು ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್. ತನ್ನ ಬಿಸಿಯನ್ನ ತಾನೇ ಹೊಂದಿಸಿಕೊಳ್ಳೋ ಕೇಬಲ್. ಇದು ಚಪ್ಪಟೆ ಇರುತ್ತೆ. ಒಳಗೆ ಎರಡು ತಾಮ್ರದ ತಂತಿ ಅಕ್ಕಪಕ್ಕ ಓಡುತ್ತೆ, ಒಂದನ್ನೊಂದು ಮುಟ್ಟಲ್ಲ. ಅವೆರಡರ ಮಧ್ಯೆ ಕಾರ್ಬನ್ ಪುಡಿ ಬೆರೆಸಿದ ಒಂದು ಪ್ಲಾಸ್ಟಿಕ್ ಇರುತ್ತೆ. ಕರೆಂಟ್ ಒಂದು ತಂತಿಯಿಂದ ಇನ್ನೊಂದಕ್ಕೆ ಆ ಕಾರ್ಬನ್ ಕಣಗಳ ಮೂಲಕ ದಾಟುತ್ತೆ, ದಾಟುವಾಗ ಬಿಸಿ ಹುಟ್ಟುತ್ತೆ. ಚಳಿ ಆದಾಗ ಪ್ಲಾಸ್ಟಿಕ್ ಕುಗ್ಗಿ ಕಣಗಳು ಹತ್ತಿರ ಬರುತ್ತವೆ, ದಾರಿ ಜಾಸ್ತಿ, ಬಿಸಿ ಜಾಸ್ತಿ. ಬಿಸಿ ಆದಾಗ ಪ್ಲಾಸ್ಟಿಕ್ ಹಿಗ್ಗಿ ಕಣಗಳು ದೂರ ಆಗುತ್ತವೆ, ದಾರಿ ಕಡಿಮೆ, ಬಿಸಿ ಕಡಿಮೆ. ಥರ್ಮೋಸ್ಟಾಟ್ ಇಲ್ಲದೆ, ಗೇಣು ಗೇಣಿಗೂ ಬೇರೆ ಬೇರೆ. ಹೊಸ್ತಿಲ ಹತ್ತಿರ ಚಳಿ ಜಾಸ್ತಿ ಇದ್ದರೆ ಅಲ್ಲಿ ಜಾಸ್ತಿ ಕೊಡುತ್ತೆ, ಬಿಸಿಲು ಬೀಳೋ ಮೂಲೆಯಲ್ಲಿ ಕಡಿಮೆ. ಸ್ಥಳದಲ್ಲೇ ಬೇಕಾದಷ್ಟು ಉದ್ದಕ್ಕೆ ಕತ್ತರಿಸಬಹುದು. ಒಂದರ ಮೇಲೊಂದು ಬಿದ್ದರೂ ಸುಡಲ್ಲ. ಚಳಿ ದೇಶಗಳಲ್ಲಿ ಪೈಪಿನ ನೀರು, ಕಾರ್ಖಾನೆಗಳಲ್ಲಿ ಪೈಪಿನ ಎಣ್ಣೆ ಗಟ್ಟಿ ಆಗದಿರಲಿ ಅಂತ ಬಳಸೋ ಕೇಬಲ್ಲೇ ಇದು.

ನನ್ನ ಓಟು ಇದಕ್ಕೆ. ಬೆಲೆ ಹಳೆಯ ವೈರಿಗಿಂತ ಜಾಸ್ತಿ. ಆದರೆ ನಮ್ಮಂಥ ಕಡೆ, ಒಂದು ಪಾರ್ಟ್ ಕೆಟ್ಟರೆ ಬೆಂಗಳೂರಿಂದ ಮೆಕ್ಯಾನಿಕ್ ಬರೋಕೆ ನಾಲ್ಕು ದಿನ ಆಗೋ ಕಡೆ, ಸ್ಥಳದಲ್ಲೇ ಕತ್ತರಿಸಿ ಕೂರಿಸೋ ವಸ್ತುವೇ ಸರಿ.

ಇದರ ಕೊರತೆಗಳನ್ನೂ ಹೇಳ್ತೀನಿ. ಇದು ಪೂರ್ತಿ ಆಫ್ ಆಗಲ್ಲ, ಬೆಚ್ಚಗಿದ್ದಾಗಲೂ ಸ್ವಲ್ಪ ಕರೆಂಟ್ ಎಳೀತಾನೇ ಇರುತ್ತೆ. ಆದ್ದರಿಂದ ರೂಮು ಖಾಲಿ ಮಾಡಿ ನಿಲ್ಲಿಸಿದಾಗ ನೀವೇ ಸ್ವಿಚ್ ಆಫ್ ಮಾಡಬೇಕು. ಚಳಿಯಲ್ಲಿ ಆನ್ ಮಾಡಿದ ಮೊದಲ ಕೆಲವು ನಿಮಿಷ ಮಾಮೂಲಿಗಿಂತ ತುಂಬಾ ಜಾಸ್ತಿ ಕರೆಂಟ್ ಎಳೆಯುತ್ತೆ, ಎಂಸಿಬಿ ಅದಕ್ಕೆ ತಕ್ಕಂತೆ ಇರಬೇಕು. ವರ್ಷಗಳು ಕಳೆದ ಹಾಗೆ ಅದರ ಬಿಸಿ ನಿಧಾನಕ್ಕೆ ಇಳಿಯುತ್ತೆ.

ಬಿಲ್ಲಿನ ಲೆಕ್ಕ

ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲು ಅಂದುಕೊಳ್ಳಿ. ಹೊಸ್ತಿಲೂ ಸೇರಿ ಸುತ್ತಳತೆ 6 ಮೀಟರ್. ಮೀಟರಿಗೆ 15 ವ್ಯಾಟಿನ ಕೇಬಲ್ ಹಾಕಿದರೆ 90 ವ್ಯಾಟ್. ಕೇಬಲ್ ಮೇಲೆ ಬರೆದಿರೋ ವ್ಯಾಟ್ ಸಾಮಾನ್ಯವಾಗಿ 10 ಡಿಗ್ರಿಯಲ್ಲಿ ಅಳೆದದ್ದು, ಅದಕ್ಕಿಂತ ಚಳಿಯಲ್ಲಿ ಸ್ವಲ್ಪ ಜಾಸ್ತಿ ಕೊಡುತ್ತೆ. ನೂರು ವ್ಯಾಟ್ ಅಂತ ಹಿಡಿಯಿರಿ. ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಆ ಬಿಸಿಯಲ್ಲಿ ಒಂದು ಪಾಲು ರೂಮಿನ ಒಳಗೆ ಹೋಗುತ್ತೆ, ಅದನ್ನ ಕಂಪ್ರೆಸರ್ ಮತ್ತೆ ಹೊರಗೆ ಹಾಕಬೇಕು. ಅದೂ ಸೇರಿ ತಿಂಗಳಿಗೆ 100 ಯೂನಿಟ್ ಅಂತಲೇ ಇಟ್ಟುಕೊಳ್ಳಿ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 800 ರೂಪಾಯಿ. ಇದು ಖರ್ಚು.

ಈಗ ಕೇಬಲ್ ಇಲ್ಲದಿದ್ದರೆ. ಗಡ್ಡೆ ಕೂತು ರಬ್ಬರ್ ಎದ್ದುಕೊಂಡು, ಗಂಟೆಗೆ ಬರೀ 10 ಘನ ಮೀಟರ್ ಗಾಳಿ ಸೋರಿತು ಅಂದುಕೊಳ್ಳಿ. ಮಳೆಗಾಲದ ಗಾಳಿ. ಘನ ಮೀಟರಿಗೆ 17 ಗ್ರಾಂ ನೀರು ಬಿಟ್ಟು ಹೋಗುತ್ತೆ ಅಂದ್ರೆ ದಿನಕ್ಕೆ ಸುಮಾರು 4 ಲೀಟರ್ ನೀರು ಒಳಗೆ ಬಂದ ಹಾಗೆ. ಒಂದು ಲೀಟರ್ ನೀರಿನ ಆವಿಯನ್ನ ಮಂಜುಗಡ್ಡೆ ಮಾಡೋಕೆ ಯಂತ್ರ ಸುಮಾರು 0.8 ಯೂನಿಟ್‌ನಷ್ಟು ಶಾಖ ಹೊರಗೆ ಹಾಕಬೇಕು. ಆ ಗಾಳಿಯ ಸ್ವಂತ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಇದೆ. ಎರಡೂ ಸೇರಿ ದಿನಕ್ಕೆ 7 ಯೂನಿಟ್ ಶಾಖ. ಒಂದು ಯೂನಿಟ್ ಕರೆಂಟಿಗೆ ಒಂದೂವರೆ ಯೂನಿಟ್ ಶಾಖ ಹೊರಗೆ ಹಾಕೋ ಯಂತ್ರ ಅಂದರೂ ದಿನಕ್ಕೆ ನಾಲ್ಕೂವರೆ ಯೂನಿಟ್ ಕರೆಂಟ್. ಮೇಲೆ ಕಾಯಿಲಿನ ಹಿಮ ಕರಗಿಸೋ ಡಿಫ್ರಾಸ್ಟ್ ಖರ್ಚು ಬೇರೆ. ಕೇಬಲ್ಲಿಗೆ ದಿನಕ್ಕೆ ಮೂರು ಚಿಲ್ಲರೆ. ಒಲೆ ಹಚ್ಚೋದೇ ಅಗ್ಗ.

ಮಾಲಿನ ಲೆಕ್ಕ ಇದರಲ್ಲಿ ಸೇರಿಲ್ಲ. ಬಾಗಿಲ ಹತ್ತಿರದ ಕ್ರೇಟುಗಳಲ್ಲಿ ಉಷ್ಣಾಂಶ ಏರಿ ಇಳಿದು ಮಾಡಿದರೆ ಹಿತಕಬೇಳೆ ಗಂಟು ಕಟ್ಟುತ್ತೆ. ಒಳಗಿನ ಹರಳು ದೊಡ್ಡದಾಗಿ, ಬೇಯಿಸಿದಾಗ ಮೆತ್ತಗೆ ಮುದ್ದೆ. ಒಂದು ಸಲ ಗಂಟು ಕಟ್ಟಿದ ಪ್ಯಾಕೆಟ್ ತಗೊಂಡ ಗಿರಾಕಿ ಎರಡನೇ ಸಲ ಬರಲ್ಲ.

ಕೂರಿಸುವಾಗ ಎಲ್ಲಿ ತಪ್ಪುತ್ತೆ

ನಮ್ಮ ಊರಿನ ಎಲೆಕ್ಟ್ರಿಷಿಯನ್ನುಗಳು ಮೋಟಾರು, ಸ್ಟಾರ್ಟರಿನಲ್ಲಿ ಪಳಗಿದೋರು. ಈ ಕೇಬಲ್ ಅವರಿಗೂ ಹೊಸದು. ಕೂತು ಇಷ್ಟು ಹೇಳಿ.

1. ಕರೆಂಟ್ ಒಂದೇ ತುದಿಯಿಂದ ಕೊಡಬೇಕು. ಇನ್ನೊಂದು ತುದಿಯಲ್ಲಿ ಎರಡೂ ತಾಮ್ರದ ತಂತಿಗಳನ್ನ ಯಾವತ್ತೂ ಸೇರಿಸಬಾರದು. ಹಳೆಯ ಹೀಟರ್ ವೈರಿನ ಅಭ್ಯಾಸದಲ್ಲಿ ಸೇರಿಸಿದರೆ ನೇರ ಶಾರ್ಟ್. ಆ ತುದಿಗೆ ಕಂಪನಿಯ ಎಂಡ್ ಸೀಲ್ ಹಾಕಿಸಿ, ಇನ್ಸುಲೇಷನ್ ಟೇಪ್ ಸಾಲದು. ಅಲ್ಲಿ ನೀರು ಇಳಿದರೆ ಕೇಬಲ್ ಮುಗೀತು.

2. ಮೇಲೆ ತಂತಿ ಜಾಲರಿ ಹೊದ್ದ ಕೇಬಲ್ಲೇ ತಗೊಳ್ಳಿ. ಆ ಜಾಲರಿಗೆ ಅರ್ಥಿಂಗ್ ಕೊಡಬೇಕು. ಲೋಹದ ಚೌಕಟ್ಟು, ಒದ್ದೆ ಕೈ, ಒದ್ದೆ ನೆಲ ಇರೋ ಜಾಗ ಇದು. ಆ ಸರ್ಕ್ಯೂಟಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ಆನ್ ಮಾಡಬೇಡಿ.

3. ಜಾಗ ಮುಖ್ಯ. ರಬ್ಬರ್ ಬಂದು ಕೂರೋ ಗೆರೆಯ ಹಿಂದೆಯೇ, ತಗಡಿಗೆ ಅಂಟಿದ ಹಾಗೆ ಕೇಬಲ್ ಇರಬೇಕು. ಮೂರು ಕಡೆ ಹಾಕಿ ಹೊಸ್ತಿಲು ಬಿಟ್ಟರೆ ಕೆಲಸ ಅರ್ಧ. ನೀರು ನಿಲ್ಲೋದೇ ಹೊಸ್ತಿಲಲ್ಲಿ.

4. ಫೋಮಿನ ಒಳಗೆ ಹೂತು ಬಿಡೋಕೆ ಒಪ್ಪಬೇಡಿ. ಬಿಚ್ಚಿ ತೆಗೆಯೋ ಪಟ್ಟಿಯ ಕೆಳಗೆ ಇರಲಿ. ಮುಂದೆ ಬದಲಿಸೋರು ನೀವೇ.

5. ಮೂಲೆಯಲ್ಲಿ ಚೂಪಾಗಿ ಮಡಚಬಾರದು. ಎಷ್ಟು ಬಾಗಿಸಬಹುದು ಅಂತ ಕೇಬಲ್ ಜೊತೆಯ ಹಾಳೆಯಲ್ಲಿ ಇರುತ್ತೆ.

6. ಮುಚ್ಚೋ ಮೊದಲು ಮೆಗ್ಗರ್ ಟೆಸ್ಟ್ ಮಾಡಿಸಿ, ಓದಿದ ಸಂಖ್ಯೆ ಬರೆದಿಡಿ. ವರ್ಷಕ್ಕೊಮ್ಮೆ ಹೋಲಿಸಿ ನೋಡಬಹುದು.

ದಿನಾ ನೋಡೋಕೆ ಮೀಟರ್ ಬೇಕಿಲ್ಲ. ಬೆಳಗ್ಗೆ ಚೌಕಟ್ಟಿನ ನಾಲ್ಕು ಕಡೆ ಅಂಗೈ ಇಡಿ. ಸುಡಬಾರದು, ತಣ್ಣಗೂ ಇರಬಾರದು, ಒಣಗಿರಬೇಕು. ಒಂದು ಕಡೆ ಮಾತ್ರ ಬೆವರಿದ್ದರೆ ಅಲ್ಲಿ ಕೇಬಲ್ ತಗಡು ಬಿಟ್ಟಿದೆ. ಎಲ್ಲಾ ಕಡೆ ಬೆವರಿದ್ದರೆ ಸ್ವಿಚ್ ನೋಡಿ.

ಕೂಲರಿನಿಂದ ಡಿಫ್ರಾಸ್ಟ್ ನೀರು ಹೊರಗೆ ಹೋಗೋ ಪೈಪಿಗೂ ಇದೇ ಮಾತು. ರೂಮಿನ ಒಳಗೆ ಇರೋ ಅಷ್ಟು ಉದ್ದಕ್ಕೆ ಕೇಬಲ್ ಬೇಕು. ಆ ಪೈಪು ಕಟ್ಟಿದರೆ ನೀರು ನೆಲಕ್ಕೆ ಇಳಿದು ಗಡ್ಡೆ ಆಗುತ್ತೆ, ಅದರ ಮೇಲೆ ಕ್ರೇಟ್ ಹೊತ್ತೋರು ಜಾರ್ತಾರೆ.

ಕೇಬಲ್ ಔಷಧಿ, ಪಥ್ಯ ಬೇರೆ

ಕೇಬಲ್ ಹಾಕಿಸಿ ಬಾಗಿಲು ತೆರೆದಿಟ್ಟು ಲೋಡ್ ಮಾಡಿದರೆ ಯಾವ ಕೇಬಲ್ಲೂ ಉಳಿಸಲ್ಲ. ಪ್ಲಾಸ್ಟಿಕ್ ಪರದೆ ಇರಬೇಕು, ಅಡ್ಡ ಬರುತ್ತೆ ಅಂತ ಅದನ್ನ ಗಂಟು ಹಾಕಿ ಮೇಲಕ್ಕೆ ಕಟ್ಟಬಾರದು. ಮಾಲು ಹೊರಗೆ ಜೋಡಿಸಿಟ್ಟುಕೊಂಡು ಒಂದೇ ಸಲ ತೆಗೆಯಬೇಕು. ಹರಿದ ರಬ್ಬರ್ ಬದಲಿಸಬೇಕು. ಕೀಲು ವರ್ಷಕ್ಕೊಮ್ಮೆ ಬಿಗಿ ಮಾಡಬೇಕು. ಆಗೋದಾದರೆ ಮೈನಸ್ ರೂಮಿನ ಮುಂದೆ ಒಂದು ಪ್ಲಸ್ ರೂಮು ಇರಲಿ, ಒಳಗೆ ಹೋಗೋ ಗಾಳಿ ಅಲ್ಲೇ ಅರ್ಧ ಒಣಗುತ್ತೆ. ಹೊಸದಾಗಿ ಕಟ್ಟೋರು ನಕ್ಷೆಯಲ್ಲೇ ಇದನ್ನ ಕೇಳಿ.

ಒಳಗೆ ಇರೋರು

ದುಡ್ಡಿನ ಮಾತು ಸಾಕು. ನನಗೆ ಇದೆಲ್ಲಕ್ಕಿಂತ ಮುಖ್ಯ ಬೇರೆ ಇದೆ.

ಹೋದ ಆಷಾಢದಲ್ಲಿ ನಮಗೆ ಗೊತ್ತಿರೋ ಒಂದು ಸ್ಟೋರಿನಲ್ಲಿ ಪ್ಯಾಕಿಂಗಿಗೆ ಬರೋ ಅಕ್ಕ ಒಬ್ಬರು ಒಳಗೆ ಪ್ಯಾಕೆಟ್ ಎಣಿಸ್ತಿದ್ದರು. ಚಳಿ ಬಾರದಿರಲಿ ಅಂತ ಹೊರಗಿದ್ದೋರು ಬಾಗಿಲು ಹಾಕಿದರು. ಒಳಗಿನಿಂದ ತಳ್ಳೋ ಗುಬ್ಬಿ ಇತ್ತು. ಅದರ ಕಡ್ಡಿಯ ಸುತ್ತ ಗಡ್ಡೆ ಕಟ್ಟಿತ್ತು, ಅಲ್ಲಾಡಲಿಲ್ಲ. ಬಡಿದರೂ ಸದ್ದು ಹೊರಗೆ ಬರಲ್ಲ, ನಾಲ್ಕು ಇಂಚಿಗಿಂತ ದಪ್ಪದ ಫೋಮು. ಊಟದ ಡಬ್ಬಿ ಹಾಗೇ ಇರೋದನ್ನ ನೋಡಿ ಇನ್ನೊಬ್ಬರು "ಎಲ್ಲಿ ಹೋದರು" ಅಂತ ಹುಡುಕಿದ್ದಕ್ಕೆ ಬಾಗಿಲು ಮೀಟಿ ತೆಗೆದರು. ಕಾಲು ಗಂಟೆ ಆಗಿತ್ತು. ಸೀರೆ ಮೇಲೆ ಒಂದು ಸ್ವೆಟರ್, ಮೈನಸ್ 18. ದೇವರ ದಯೆ, ಏನೂ ಆಗಲಿಲ್ಲ. ಅವತ್ತು ಆ ಡಬ್ಬಿ ಯಾರ ಕಣ್ಣಿಗೂ ಬೀಳದಿದ್ದರೆ?

ಆ ಸ್ಟೋರಿನೋರು ಆಮೇಲೆ ಮಾಡಿದ್ದು ಏನು ಗೊತ್ತಾ? "ಒಬ್ಬೊಬ್ಬರೇ ಒಳಗೆ ಹೋಗಬಾರದು" ಅಂತ ಬೋರ್ಡ್ ಹಾಕಿದರು. ಬೋರ್ಡ್ ಇರಲಿ, ಅದು ಸರಿಯೇ. ಚೌಕಟ್ಟಿನ ಹೀಟರ್ ಮಾತ್ರ ಹಾಗೇ ಸತ್ತು ಬಿದ್ದಿತ್ತು. ನಮ್ಮಲ್ಲಿ ಯಾವಾಗಲೂ ಹೀಗೇ, ವಸ್ತು ಕೆಟ್ಟರೆ ನಿಯಮ ಬರೆದು ಮನುಷ್ಯರ ತಲೆಗೆ ಕಟ್ತೀವಿ.

ಅದಕ್ಕೇ ಹೇಳ್ತೀನಿ, ಬಾಗಿಲಿನ ಕೇಬಲ್ಲನ್ನ ಕರೆಂಟ್ ಉಳಿಸೋ ವಸ್ತು ಅಂತ ಮಾತ್ರ ನೋಡಬೇಡಿ. ಒಳಗೆ ಇರೋರು ಹೊರಗೆ ಬರೋ ದಾರಿ ಅದು. ಅದರ ಸ್ವಿಚ್ ಆಫ್ ಮಾಡೋದು ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ ಹಾಗೆ.

ಇಲ್ಲಿ ಇನ್ನೊಂದು ಮಾತು, ನಮ್ಮ ಕಡೆಯ ಕರೆಂಟಿಗೆ ಸಂಬಂಧಪಟ್ಟಿದ್ದು. ಕರೆಂಟ್ ಹೋದರೆ ಕೇಬಲ್ ತಣ್ಣಗಾಗುತ್ತೆ. ರೂಮು ಗಂಟೆಗಟ್ಟಲೆ ಚಳಿ ಹಿಡಿದಿರುತ್ತೆ, ಚೌಕಟ್ಟು ಮಾತ್ರ ಹೆಪ್ಪುಗಟ್ಟೋಕೆ ಶುರು. ಜನರೇಟರ್ ಹಾಕೋವರೆಗೂ, ಅಥವಾ ಜನರೇಟರ್ ಇಲ್ಲದ ಸಣ್ಣ ರೂಮುಗಳಲ್ಲಿ ಪೂರ್ತಿ ರಾತ್ರಿ. ಕಂಪ್ರೆಸರನ್ನ ಮನೆಯ ಇನ್ವರ್ಟರಿನಲ್ಲಿ ಓಡಿಸೋಕೆ ಆಗಲ್ಲ. ಕೇಬಲ್ ಬೇಕಾದ್ದು ನೂರು ವ್ಯಾಟ್, ಒಂದೆರಡು ಫ್ಯಾನಿನಷ್ಟು. ಅದನ್ನ, ಒಳಗಿನ ಒಂದು ಎಲ್ಇಡಿ ದೀಪವನ್ನ, ಒಳಗಿಂದ ಒತ್ತೋ ಬೆಲ್ಲನ್ನ, ಈ ಮೂರನ್ನ ಒಂದು ಸಣ್ಣ ಇನ್ವರ್ಟರಿಗೆ ಹಾಕಿಸಿ. ಖರ್ಚು ರೂಮಿನ ಲೆಕ್ಕದಲ್ಲಿ ಚಿಲ್ಲರೆ.

ಕೊಟೇಶನ್ನಿನಲ್ಲಿ ಏನು ಬರೆಸಬೇಕು

ಅಗ್ರಿಕಲ್ಚರ್ ಇನ್ಫ್ರಾಸ್ಟ್ರಕ್ಚರ್ ಫಂಡ್ ಅಂತ ಒಂದು ಬಂತು. 2020ರಲ್ಲಿ, 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿ ಅಂತ ಶುರುವಾಗಿದ್ದು. ನಮ್ಮ ರೈತರ ಕಂಪನಿಗಳು ಧೈರ್ಯ ಮಾಡಿ ರೂಮು ಕಟ್ಟೋಕೆ ಹೊರಟಿವೆ. ನಾನು ನೋಡಿದ ಕೊಟೇಶನ್ನುಗಳಲ್ಲಿ ಕಂಪ್ರೆಸರಿಗೆ ಹತ್ತು ಸಾಲು, ಪ್ಯಾನಲ್ಲಿಗೆ ಆರು ಸಾಲು, ಬಾಗಿಲಿಗೆ ಒಂದೇ ಸಾಲು: "ಇನ್ಸುಲೇಟೆಡ್ ಡೋರ್, 1 ನಂಬರ್." ಆ ಒಂದು ಸಾಲಿನಲ್ಲೇ ನಮ್ಮ ಮುಂದಿನ ಹತ್ತು ವರ್ಷದ ಬೇಸರ ಇರೋದು.

ಆ ಸಾಲು ಬಿಡಿಸಿ ಬರೆಸಿ. ಚೌಕಟ್ಟಿಗೂ ಹೊಸ್ತಿಲಿಗೂ ಹೀಟರ್ ಕೇಬಲ್, ಯಾವ ತರದ್ದು, ಮೀಟರಿಗೆ ಎಷ್ಟು ವ್ಯಾಟ್, ಬಿಚ್ಚಿ ಬದಲಿಸೋಕೆ ಆಗುತ್ತಾ. ಹೀಟರ್ ಇರೋ ಪ್ರೆಶರ್ ರಿಲೀಫ್ ವಾಲ್ವ್. ಡ್ರೈನ್ ಪೈಪಿನ ಕೇಬಲ್. ಹೀಟರಿಗೆ ಬೇರೆ ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ. ಕೇಬಲ್ ಓಡ್ತಿದೆ ಅಂತ ತೋರಿಸೋ ಒಂದು ಕೆಂಪು ದೀಪ ಬಾಗಿಲ ಮೇಲೆ, ದಾರೀಲಿ ಹೋಗೋರಿಗೂ ಕಾಣೋ ಹಾಗೆ. ಒಳಗಿಂದ ತೆರೆಯೋ ಗುಬ್ಬಿ, ಒಳಗಿನ ಬೆಲ್ಲು. ಕೊನೆಯ ಕಂತಿನ ದುಡ್ಡು ಒಂದು ಮಳೆಗಾಲ ಕಳೆದ ಮೇಲೆ ಅಂತ ಬರೆಸೋಕೆ ಆದರೆ ಇನ್ನೂ ಒಳ್ಳೇದು. ಒಪ್ಪದಿದ್ದರೆ ಜುಲೈ, ಆಗಸ್ಟಿನಲ್ಲಿ ಒಂದು ಸಲ ಬಂದು ಬಾಗಿಲು ತೋರಿಸಿಕೊಡಬೇಕು ಅಂತಾದರೂ ಬರೆಸಿ.

ಈಗಾಗಲೇ ರೂಮು ಇರೋರು ಹೊಸ ಬಾಗಿಲು ತರಬೇಕಿಲ್ಲ. ಚೌಕಟ್ಟಿನ ಒಳಪಟ್ಟಿ ಬಿಚ್ಚಿಸಿ, ಒಳಗೆ ಏನಿದೆ ನೋಡಿಸಿ. ಹಳೆಯ ವೈರು ಸತ್ತಿದ್ದರೆ ಅದೇ ಕಾಲುವೆಯಲ್ಲಿ ಹೊಸ ಕೇಬಲ್ ಕೂರುತ್ತಾ ಅಳೆಸಿ. ರೂಮು ಖಾಲಿ ಇರೋ ಹೊತ್ತಲ್ಲಿ, ಗಡ್ಡೆ ಪೂರ್ತಿ ಕರಗಿಸಿ, ಒಣಗಿಸಿ ಮಾಡಬೇಕಾದ ಕೆಲಸ ಇದು. ನಮ್ಮ ಕಡೆ ಅದಕ್ಕೆ ಸರಿಯಾದ ಕಾಲ ಹಳೆ ಅವರೆ ಮುಗಿದು ಹೊಸದು ಬರೋ ಮೊದಲು, ಅಂದ್ರೆ ನವೆಂಬರ್.

ಅಲ್ಲಿವರೆಗೆ, ನಾಳೆ ಬೆಳಗ್ಗೆ ರೂಮು ತೆಗೆಯೋ ಮೊದಲು ಎರಡು ಕೆಲಸ ಮಾಡಿ. ಚೌಕಟ್ಟಿಗೆ ಅಂಗೈ ಇಡಿ. ಆಮೇಲೆ ಬಾಗಿಲ ಹೊರಗೆ ಒಬ್ಬರನ್ನ ನಿಲ್ಲಿಸಿ, ನೀವೇ ಒಳಗೆ ಹೋಗಿ, ಬಾಗಿಲು ಹಾಕಿಸಿಕೊಂಡು, ಒಳಗಿನ ಗುಬ್ಬಿ ತಳ್ಳಿ ಹೊರಗೆ ಬನ್ನಿ. ಚೇರ್ಮನ್ನು, ಡೈರೆಕ್ಟರು ಯಾರೇ ಆಗಲಿ, ನೀವೇ. ಒಂದೇ ಕೈಯಲ್ಲಿ ತಳ್ಳಿದರೆ ಬರಬೇಕು. ಬರಲಿಲ್ಲ ಅಂದ್ರೆ ಅದು ಸರಿ ಆಗೋವರೆಗೂ ಯಾರನ್ನೂ ಒಳಗೆ ಬಿಟ್ಟು ಬಾಗಿಲು ಹಾಕಬೇಡಿ.